ಮುಕ್ತ ಬಂದರು

ಯಲ್ಲೇಶನ ಮಾನ ಒಂದೇ ದಿನದಲ್ಲಿ ಬೆಳಗಾವಿಯಿಂದ ಖಾನಾಪುರದವರೆಗೆ ಹರಾಜಾಗಲು ಕಾರಣವಾದದ್ದು ಎರಡೇ ಎರಡು ಶಬ್ದ. ಎರಡೂ ಸಭ್ಯ ಶಬ್ದಗಳೇ, ನಿಘಂಟಿನಲ್ಲಿ ಇರುವಂಥವೇ. ಅವನ್ನು ಇಂಗ್ಲಿಷಿನಲ್ಲಿ ಹೇಳಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ, ಯಾರಿಗೂ ತೊಂದರೆಯೂ ಆಗುತ್ತಿರಲಿಲ್ಲ. ಅವನು ಕನ್ನಡದಲ್ಲಿ ಹೇಳಿದ.

ಯಲ್ಲೇಶ ಶಿವಬಸವ ನಗರದಲ್ಲಿ ಶಾಂತಾಬಾಯಿ ಎಂಬ ಹಿರಿಯ ಹೆಣ್ಣುಮಗಳ ಮನೆಯ ಮಾಳಿಗೆಯ ಕೋಣೆಯಲ್ಲಿ ಬಾಡಿಗೆಗಿದ್ದ. ಆಕೆಯ ತಮ್ಮ ಪಾರ್ಶ್ವನಾಥರು ತೆರಿಗೆ ಸಲಹೆಗಾರರು. ಅವರ ಕಚೇರಿಯಲ್ಲೇ ಅವನ ನೌಕರಿ. ಊರಿನ ಅಂಗಡಿಕಾರರ ತೆರಿಗೆಯನ್ನೆಲ್ಲ ವೇಳೆಗೆ ಸರಿಯಾಗಿ ಕಟ್ಟಿಸುತ್ತಿದ್ದ ಅವನಿಗೆ, ವಯಸ್ಸು ಮೂವತ್ತೈದು ದಾಟಿದರೂ, ತಾಳಿ ಕಟ್ಟುವ ಯೋಗ ಮಾತ್ರ ಕೂಡಿ ಬಂದಿರಲಿಲ್ಲ. ಹೆಣ್ಣಿನ ಕಡೆಯವರಿಗೆ ಅವನಲ್ಲಿ ಕೆಟ್ಟದ್ದೇನೂ ಕಾಣುತ್ತಿರಲಿಲ್ಲ. ಹಾಗೆ ನೋಡಿದರೆ ಏನೂ ಕಾಣುತ್ತಿರಲಿಲ್ಲ. ಅವಲಕ್ಕಿ ತಿನ್ನಿಸಿ, ಚಹಾ ಕುಡಿಸಿ, "ತಿಳಿಸ್ತೀವ್ರಿ" ಅಂದು ಬಾಗಿಲವರೆಗೆ ಬಂದು ಕಳಿಸುತ್ತಿದ್ದರು. ತಿಳಿಸಿದವರು ಯಾರೂ ಇಲ್ಲ.

ಖಾನಾಪುರದ ಭರಮಣ್ಣನವರೂ ಎರಡು ತಿಂಗಳ ಹಿಂದೆ ಹಾಗೆಯೇ ಅಂದು ಕಳಿಸಿದ್ದರು. ಭರಮಣ್ಣ ಹೆಂಚಿನ ವ್ಯಾಪಾರಿ, ಅಲ್ಲಿನ ವ್ಯಾಪಾರಸ್ಥರ ಸಂಘದ ಅಧ್ಯಕ್ಷರು. ಅವರ ಮಗಳು ತ್ರಿವೇಣಿ ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಕಲಿಸುವವಳು. ಹೆಣ್ಣು ನೋಡುವ ದಿನ ಎಲ್ಲರೂ ಗೋಡೆ ನೋಡುತ್ತ ಕುಳಿತಿದ್ದಾಗ ಅವಳೇ ಅವನ ಕಡೆ ತಿರುಗಿ, "ರಿಟರ್ನ್ ತಡಾ ಆದ್ರ ದಂಡ ಹೆಂಗ ಲೆಕ್ಕಾ ಹಾಕತಾರ್ರಿ?" ಎಂದು ಕೇಳಿದ್ದಳು. ಅವನ ಜೀವನದಲ್ಲಿ ಒಂದು ಹೆಣ್ಣು ಇಷ್ಟು ಅಕ್ಕರೆಯಿಂದ ಅವನನ್ನು ಏನನ್ನಾದರೂ ಕೇಳಿದ್ದು ಅದೇ ಮೊದಲು. ದಂಡದ ಲೆಕ್ಕ ಹೇಳುತ್ತ ಹೇಳುತ್ತ ಯಲ್ಲೇಶ ಮನಸ್ಸನ್ನು ಅಲ್ಲೇ ಬಿಟ್ಟು ಬಂದ. ಆಮೇಲೆ ಯಾವ ಜಾತಕ ಬಂದರೂ ಅದನ್ನು ಬಿಡಿಸಿ ನೋಡಲಿಲ್ಲ.

ಹೀಗಿರುವಾಗ ಹೋದ ವಾರ ಭರಮಣ್ಣನವರೇ ಫೋನು ಮಾಡಿದರು. ಸಂಘದಲ್ಲಿ ಒಂದು ಭಾಷಣ ಮಾಡಬೇಕು, ಹಾಂಗ್‌ಕಾಂಗಿನಂಥ ತೆರಿಗೆ ಕಡಿಮೆ ಇರುವ ಊರಿನಲ್ಲಿ ವ್ಯಾಪಾರ ವಹಿವಾಟು ಮಾಡಿದರೆ ಏನು ಲಾಭ, ಅಲ್ಲಿಯ ಸ್ಥಿತಿಗತಿ ಹೇಗೆ, ಎಲ್ಲ ಬಿಡಿಸಿ ಹೇಳಬೇಕು, ಮತ್ತು ಇಂಗ್ಲಿಷ್ ಬೆರೆಸದೆ ಹೇಳಬೇಕು ಎಂದರು. ಊಟಕ್ಕೂ ಮನೆಗೇ ಬರಬೇಕಂತೆ.

ಖಾನಾಪುರದ ಹೆಂಚಿಗೂ ಹಾಂಗ್‌ಕಾಂಗಿಗೂ ಏನು ಸಂಬಂಧ ಎಂದು ಬೇರೆ ಯಾರಾದರೂ ಯೋಚಿಸುತ್ತಿದ್ದರು. ಮದುವೆಯಾಗದ ಗಂಡಿಗೆ ಅಂಥ ಯೋಚನೆಗಳು ಬರುವುದಿಲ್ಲ. ಅವನಿಗೆ ಹೊಳೆದದ್ದು ಒಂದೇ: ಇದು ಪರೀಕ್ಷೆ. ಅಳಿಯನಾಗುವವನಿಗೆ ನಾಲ್ಕು ಜನರ ಮುಂದೆ ನಿಂತು ಮಾತಾಡಲು ಬರುತ್ತದೋ ಇಲ್ಲವೋ ನೋಡುತ್ತಿದ್ದಾರೆ. ಯಲ್ಲೇಶ ವಾರವಿಡೀ ಓದಿದ. 'ಫ್ರೀ ಪೋರ್ಟ್' ಎಂಬುದಕ್ಕೆ ನಿಘಂಟು ಹುಡುಕಿ 'ಮುಕ್ತ ಬಂದರು' ಎಂಬ ಶಬ್ದ ಕಂಡುಹಿಡಿದ. ಕಂಡುಹಿಡಿದದ್ದಕ್ಕೆ ತನ್ನ ಬೆನ್ನು ತಾನೇ ತಟ್ಟಿಕೊಂಡ.

ಭಾಷಣದ ದಿನ ಬೆಳಿಗ್ಗೆ ಸಂಘದ ಕಾರ್ಯದರ್ಶಿ ಕರೆಪ್ಪನ ಫೋನು ಬಂತು. ಫ್ಲೆಕ್ಸ್ ಹಾಕಿಸಬೇಕು, ವಿಷಯ ಏನಂತ ಬರೆಸಲಿ ಎಂದು ಕೇಳಿದ. ಕೋಣೆಯೊಳಗೆ ರೇಂಜ್ ಸಿಗದೆ ಯಲ್ಲೇಶ ಹೊರಗಿನ ಮಾಳಿಗೆಗೆ ಬಂದು, ಕಟ್ಟೆಗೆ ಒರಗಿ, ನಿದ್ದೆಯಲ್ಲಿದ್ದ ಓಣಿಗೆಲ್ಲ ಕೇಳುವಂತೆ ಕೂಗಿದ.

"ಮುಕ್ತ ಬಂದರು. ಏನಂದ್ರಿ? ಮುಕ್ತ… ಬಂದರು. ಹಾಂ, ಮುಕ್ತ."

ಕೆಳಗೆ ಅಂಗಳದಲ್ಲಿ ಹಾಲಿನ ಪಾಕೀಟು ಎತ್ತಿಕೊಳ್ಳಲು ಬಗ್ಗಿದ್ದ ಶಾಂತಾಬಾಯಿ ಬಗ್ಗಿದಲ್ಲೇ ನಿಂತರು.

ಹಾಗೆಂದರೇನು ಎಂದು ಕರೆಪ್ಪ ಕೇಳಿರಬೇಕು. ಯಲ್ಲೇಶ ಮೇಲಿನಿಂದ ವಿವರಿಸಿದ: "ಅಂದ್ರ ಬಾಗಲಾ ಯಾವಾಗಲೂ ತಗದ ಇರತೈತ್ರಿ. ಯಾವಾಗ ಬೇಕಾದ್ರೂ ಬರಬಹುದು, ಯಾವಾಗ ಬೇಕಾದ್ರೂ ಹೋಗಬಹುದು. ಯಾರೂ ಕೇಳಂಗಿಲ್ಲ. ಕಟ್ಟೂದು ಗಿಟ್ಟೂದು ಏನೂ ಇಲ್ಲ."

ಶಾಂತಾಬಾಯಿ ಹಾಲನ್ನು ಅಲ್ಲೇ ಬಿಟ್ಟು ಒಳಗೆ ಹೋಗಿ ಕುಳಿತರು. ಆಕೆ ಕೆಟ್ಟ ಹೆಣ್ಣುಮಗಳಲ್ಲ. ಇನ್ನೊಬ್ಬರ ಕಷ್ಟವನ್ನು ತನ್ನದೆಂದುಕೊಳ್ಳುವ ಸ್ವಭಾವ. ಕಷ್ಟ ಇಲ್ಲದಿದ್ದರೆ ಇದೆಯೆಂದುಕೊಳ್ಳುವ ಸ್ವಭಾವ. ಮುಕ್ತಾ ಎಂಬವಳು ಮಾಳಿಗೆಗೆ ಬಂದಿದ್ದಾಳೆ ಎಂಬುದರಲ್ಲಿ ಆಕೆಗೆ ಸಂಶಯ ಉಳಿಯಲಿಲ್ಲ. ದಿನವೂ 'ಬಂದ್ರು', 'ಹೋದ್ರು' ಎಂದು ತುಂಡು ಮಾಡಿ ಮಾತಾಡುವ ಹುಡುಗ ಇವತ್ತು 'ಬಂದರು' ಎಂದು ಪೂರ್ತಿ ಬಾಯಿ ತೆರೆದು ಹೇಳಿದ್ದಾನೆಂದರೆ ದೊಡ್ಡ ಮನೆತನದವಳೇ ಇರಬೇಕು. ಕಟ್ಟುವುದು ಏನೂ ಇಲ್ಲ ಎಂದ ಮಾತು ಮಾತ್ರ ಆಕೆಯ ಎದೆಗೆ ನಾಟಿತು. ತಾಳಿ ಇಲ್ಲದೆ ಇದೆಂಥ ಸಂಸಾರ? ಮೊದಲು ತಮ್ಮನಿಗೆ ಫೋನು ಮಾಡಿದರು, ಆಮೇಲೆ ಖಾನಾಪುರದಲ್ಲಿದ್ದ ತಂಗಿಗೆ. ತಂಗಿಯ ಮನೆ ಭರಮಣ್ಣನವರ ಮನೆಯ ಬಾಜುವಿನಲ್ಲೇ ಇತ್ತು.

ಯಲ್ಲೇಶ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬೀಗರ ಮನೆಗೆಂದು ತಂದಿಟ್ಟಿದ್ದ ಕುಂದಾ ಮಿಠಾಯಿಯ ಡಬ್ಬಿ ಹಿಡಿದು ಇಳಿದು ಬಂದಾಗ ಶಾಂತಾಬಾಯಿ ಮೆಟ್ಟಿಲ ಬಳಿ ಕಾಯುತ್ತಿದ್ದರು.

"ನಾ ಏನೂ ಕೇಳಂಗಿಲ್ಲಪಾ," ಎಂದರು. "ಮಧ್ಯಾಹ್ನ ಇಬ್ಬರಿಗೆ ಅಡಗಿ ಮಾಡ್ಲೇನು, ಅಷ್ಟ ಹೇಳು."

ಯಲ್ಲೇಶನಿಗೆ ಆಕೆಯ ಪ್ರೀತಿ ನೋಡಿ ಸಂತೋಷವಾಯಿತು. "ಬ್ಯಾಡ್ರಿ ಮೌಶಿ. ನಾ ಖಾನಾಪುರಕ್ಕ ಹೊಂಟೀನಿ. ಬರಾಕ ಸಂಜಿ ಆಗತೈತಿ."

"ಮತ್ತ ಮ್ಯಾಲ?"

"ಮ್ಯಾಲಿಂದೇನು ಕಾಳಜಿ ಮಾಡಬ್ಯಾಡ್ರಿ," ಎಂದ ಯಲ್ಲೇಶ ಕಿಸೆ ತಟ್ಟಿ ತೋರಿಸಿ. "ಕೀಲಿ ಹಾಕೇನಿ."

ಶಾಂತಾಬಾಯಿ ಗೋಡೆ ಹಿಡಿದುಕೊಂಡರು. ಅವನು ಗೇಟು ದಾಟಿ ಹೋಗುವವರೆಗೂ ಆಕೆಯ ಬಾಯಿಂದ ಮಾತು ಹೊರಡಲಿಲ್ಲ. ಆಮೇಲೆ ಹೊರಟ ಮಾತು ಎಡ ಬಲದ ನಾಲ್ಕೂ ಮನೆಗೆ ಹೋಯಿತು.

ಬಸ್ಸು ಪೀರನವಾಡಿ ದಾಟುವಾಗ ಪಾರ್ಶ್ವನಾಥರ ಫೋನು ಬಂತು. ಅವರು ಯಾವಾಗಲೂ ದಾವೆಯ ನೋಟೀಸು ಓದುವವರಂತೆ ಮಾತಾಡುವವರು. ಇವತ್ತು ಇನ್ನೂ ಗಂಭೀರವಾಗಿದ್ದರು. ಮುಕ್ತಾ ವಿಷಯವನ್ನು ತನಗೆ ಮೊದಲೇ ಹೇಳಬೇಕಿತ್ತು ಎಂದರು. ಭಾಷಣದ ಸುದ್ದಿ ಸಾಹೇಬರವರೆಗೂ ಹೋಗಿದೆ ಎಂದು ತಿಳಿದು ಯಲ್ಲೇಶನಿಗೆ ನಾಚಿಕೆಯೂ ಹೆಮ್ಮೆಯೂ ಒಟ್ಟಿಗೇ ಆದವು.

"ಹೇಳಬೇಕಂತನ ಮಾಡಿದ್ದೆ ಸಾಹೇಬ್ರ. ಒಂದ ವಾರದಿಂದ ರಾತ್ರಿ ಎಲ್ಲಾ ಅದರಾಗ ಇದ್ದೆ, ಪುರಸತ್ತ ಆಗಲಿಲ್ಲ. ಇವತ್ತ ಖಾನಾಪುರದಾಗ ಮಂದಿ ಮುಂದ ಎಲ್ಲಾ ಬಿಚ್ಚಿ ಹೇಳಾವ ಅದೀನಿ."

"ಭರಮಣ್ಣನ ಮುಂದನ?"

"ಅವರ ಕರದಾರ್ರಿ."

"ಆತು. ಕೀಲಿ ಎಲ್ಲೈತಿ?"

"ನನ್ನ ಕಿಸೇದಾಗ ಐತ್ರಿ."

"ಆತು," ಎಂದು ಇನ್ನೊಮ್ಮೆ ಹೇಳಿ ಅವರು ಫೋನು ಇಟ್ಟರು. ಕಚೇರಿಯ ಕೀಲಿ ಕೇಳಿದ್ದಾರೆ ಎಂದುಕೊಂಡ ಯಲ್ಲೇಶ, ಅದು ತನ್ನ ಬಳಿ ಇಲ್ಲವೆಂದು ನೆನಪಾಗಿ, ತಿರುಗಿ ಫೋನು ಹಚ್ಚಿದ. ಹತ್ತಲಿಲ್ಲ. ಅವರು ಆಗಲೇ ಕೀಲಿ ಒಡೆಯುವವನಿಗಾಗಿ ಹುಡುಕಾಟ ನಡೆಸಿದ್ದರು ಎಂಬುದು ಅವನಿಗೆ ಗೊತ್ತಾಗುವುದು ಸಾಧ್ಯವೇ ಇರಲಿಲ್ಲ.

ಖಾನಾಪುರದ ಬಸ್ ಸ್ಟ್ಯಾಂಡಿನಲ್ಲಿ ಇಳಿದವನಿಗೆ ಮೊದಲು ಕಂಡದ್ದು ತನ್ನದೇ ಮುಖ. ಆಳೆತ್ತರದ ಫ್ಲೆಕ್ಸು. ಮೇಲೆ 'ಮುಕ್ತ ಬಂದರ್: ವಿಶೇಷ ಉಪನ್ಯಾಸ' ಎಂದು ಕೆಂಪು ಅಕ್ಷರ. ಎಡಕ್ಕೆ ಯಲ್ಲೇಶನ ಫೋಟೋ, ಬಲಕ್ಕೆ ಬಾಳೆಹಣ್ಣು ಹಿಡಿದ ಒಂದು ಮಂಗ. ಎರಡರ ಕೆಳಗೂ ಹೆಸರಿರಲಿಲ್ಲ.

ಅವನನ್ನು ಕರೆದೊಯ್ಯಲು ಬಂದಿದ್ದ ಕರೆಪ್ಪ ಫ್ಲೆಕ್ಸಿನ ಪಕ್ಕದಲ್ಲಿ ಬಲು ತೃಪ್ತಿಯಿಂದ ನಿಂತಿದ್ದ. ಈ ಮಂಗ ಯಾಕೆ ಬಂತು ಎಂದು ಯಲ್ಲೇಶ ಮೆಲ್ಲಗೆ ಕೇಳಿದ.

"ನೀವ ಬಂದರ್ ಅಂದ್ರಲ್ರಿ," ಎಂದ ಕರೆಪ್ಪ. "ಫ್ಲೆಕ್ಸಿನ ಹುಡುಗಗ ಹಿಂದಿ ಛಲೋ ಬರತೈತಿ, ಬಂದರ್ ಅಂದ್ರ ಮಂಗ್ಯಾ ಅಂತ ಅವ ಚಿತ್ರ ಹಾಕಿದ. ತೆರಿಗಿಗೂ ಮಂಗ್ಯಾಗೂ ಏನ ಸಂಬಂಧ ಅಂತ ನಾವೂ ವಿಚಾರ ಮಾಡಿದ್ವಿ. ಎರಡೂ ನಾವು ಬೆಳದದ್ದನ್ನ ತಿಂತಾವಲ್ಲ ಅಂತ ಸುಮ್ಮನಾದ್ವಿ."

ಯಲ್ಲೇಶ ಕುಂದಾ ಡಬ್ಬಿಯನ್ನು ಎದೆಗೆ ಒತ್ತಿಕೊಂಡು ಕರೆಪ್ಪನ ಗಾಡಿಯ ಹಿಂದೆ ಕುಳಿತ. ಪೇಟೆಯಲ್ಲಿ ಇನ್ನೂ ಎರಡು ಕಡೆ ಅವನೂ ಮಂಗವೂ ಜೋಡಿಯಾಗಿ ಸಿಕ್ಕರು.

ಭರಮಣ್ಣನವರ ಮನೆಯಲ್ಲಿ ಹೋಳಿಗೆ ಮಾಡಿದ್ದರು. ಹೋಳಿಗೆಯ ವಾಸನೆ ಮೂಗಿಗೆ ಬಿದ್ದಾಗಲೇ ಅರ್ಧ ಮದುವೆ ಮುಗಿಯಿತು ಎಂದುಕೊಂಡ ಯಲ್ಲೇಶ. ಭರಮಣ್ಣ ತೂಕದ ಮನುಷ್ಯ, ಮಾತಿನಲ್ಲೂ ಮೈಯಲ್ಲೂ. ಬರ್ರಿ, ಕುಂದರ್ರಿ ಎಂದು ಉಪಚಾರ ಮಾಡಿ ಎಲೆಯ ಮುಂದೆ ಕೂರಿಸಿದರು. ಅವರ ಹೆಂಡತಿ ಸಂಗವ್ವ ಎಲೆಯ ಮೇಲೆ ಒಂದು ಹೋಳಿಗೆ ಇಟ್ಟು, ಮೇಲೆ ತುಪ್ಪ ಸುರಿದು, ತನ್ನ ಮಗನನ್ನು ಕೇಳುವಂತೆ ಕೇಳಿದಳು:

"ಮುಕ್ತಾ ಆರಾಮ ಅದಾರೇನ್ರಿ?"

ಯಲ್ಲೇಶನ ಕೈ ಹೋಳಿಗೆಯ ಮೇಲೇ ನಿಂತಿತು. ಯಾವ ಮುಕ್ತಾ ಎಂದು ಕೇಳಿದ.

"ಇರಲಿ ಬಿಡ್ರಿ, ನಾಚಬ್ಯಾಡ್ರಿ. ಮುಂಜಾನೆ ಬಾಜೂ ಮನಿಯಾಕಿ ಬಂದು ಹೇಳಿದ್ಲು, ನಿಮ್ಮ ಮನಿಗೆ ಮುಕ್ತಾ ಬಂದಾರಂತ. ಛಲೋ ಆತು. ಖರೇ ಹೇಳಬೇಕಂದ್ರ ನಮಗ ಭಾಳ ಸಂತೋಷ ಆತು." ಅಷ್ಟು ಹೇಳಿ ಇನ್ನೊಂದು ಹೋಳಿಗೆ ತರಲು ಅಡುಗೆಮನೆಗೆ ತಿರುಗಿದಳು.

ಬಾಜೂ ಮನೆಯಾಕೆ, ಅವಳ ಅಕ್ಕ ಶಾಂತಾಬಾಯಿ, ಮಾಳಿಗೆ, ಫೋನು, ಇಬ್ಬರಿಗೆ ಅಡುಗೆ, ಕೀಲಿ, ಎಲ್ಲ ಒಂದರ ಹಿಂದೊಂದು ಬಂದು ಯಲ್ಲೇಶನ ತಲೆಯೊಳಗೆ ಸಾಲಾಗಿ ನಿಂತವು. ಹೆಣ್ಣು ಹೆತ್ತವರು ನಗುನಗುತ್ತ ಸಂತೋಷವಾಯಿತು ಅಂದರೆ ಅದಕ್ಕಿಂತ ದೊಡ್ಡ ಛೀಮಾರಿ ಇಲ್ಲ ಎಂಬುದು ಅವನ ನಂಬಿಕೆ. ಎಂಜಲು ಕೈಯನ್ನು ಎತ್ತಿ ಹಿಡಿದುಕೊಂಡೇ ಎದ್ದು ನಿಂತ.

"ಅವ್ವಾರ, ಮುಕ್ತಾ ಅಂದ್ರ ಹೆಣ್ಮಗಳಲ್ರಿ. ಹಡಗ ನಿಲ್ಲೂ ಜಾಗಾ. ನಮ್ಮ ಮನಿಗೆ ಯಾರೂ ಬಂದಿಲ್ಲ. ಯಾರೂ ಬರೂದೂ ಇಲ್ಲ. ನನ್ನ ಜೀವನದಾಗ ಅಂಥಾದ್ದು ಯಾವದೂ ಇಲ್ಲ. ಬೇಕಾದ್ರ ದೇವರ ಮುಂದ ಆಣಿ ಮಾಡತೀನಿ."

ನೀರಿನ ತಂಬಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದ ತ್ರಿವೇಣಿ ಅವನ ನೆರವಿಗೆ ಬಂದಳು. ಫ್ರೀ ಪೋರ್ಟಿಗೆ ಕನ್ನಡದಲ್ಲಿ ಹಾಗೆಯೇ ಅನ್ನುತ್ತಾರೆ, ಸರ್ ಹೇಳುವುದು ಖರೆ ಎಂದಳು. ಅವಳು ತನ್ನ ಪರ ನಿಂತದ್ದು ಕಂಡು ಯಲ್ಲೇಶ ಮತ್ತೆ ಎಲೆಯ ಮುಂದೆ ಕುಳಿತ.

"ಅಂದ್ರ ನಿಮಗ ಇನ್ನೂ ಹೆಣ್ಣು ಗೊತ್ತಾಗಿಲ್ಲ?" ಎಂದಳು ಸಂಗವ್ವ.

"ಯಾರೂ ಇಲ್ರಿ ಅವ್ವಾರ."

ವಿಚಿತ್ರವೆಂದರೆ ಆ ಮಾತು ಕೇಳಿ ಸಂಗವ್ವನ ಮುಖ ಸಣ್ಣದಾಯಿತು. ಗಂಡನ ಮುಖ ನೋಡಿದಳು. ಗಂಡ ಉಪ್ಪಿನಕಾಯಿ ನೋಡಿದರು. ಅಡುಗೆಮನೆಯಿಂದ ಬರಬೇಕಾಗಿದ್ದ ಎರಡನೆಯ ಹೋಳಿಗೆ ಬರಲೇ ಇಲ್ಲ. ಹಿರಿಯರಿಗೆ ತಪ್ಪು ತಿಳಿದುಕೊಂಡ ನಾಚಿಕೆಯಾಗಿದೆ ಎಂದುಕೊಂಡ ಯಲ್ಲೇಶ, ಅವರಿಗೆ ಇನ್ನಷ್ಟು ಮುಜುಗರವಾಗಬಾರದೆಂದು ಬೇಗ ಬೇಗ ಅನ್ನ ಕಲಸಿದ.

ಸಂಘದ ಸಭಾಭವನ ತುಂಬಿ ತುಳುಕುತ್ತಿತ್ತು. ಯಲ್ಲೇಶನಿಗೆ ಒಂದು ಕ್ಷಣ ತನ್ನ ಬಗ್ಗೆಯೇ ಗೌರವ ಮೂಡಿತು. ಆಮೇಲೆ ನೋಡಿದರೆ ಅರ್ಧ ಜನ ಕಾಡಂಚಿನ ಹಳ್ಳಿಗಳಿಂದ ಬಂದ ರೈತರು. ಫ್ಲೆಕ್ಸಿನ ಮಂಗನನ್ನು ನೋಡಿ, ಬೆಳಗಾವಿಯ ಮಂಗಗಳನ್ನು ಹಿಡಿದು ತಂದು ತಮ್ಮ ಕಾಡಿನಲ್ಲಿ ಮುಕ್ತ ಮಾಡುತ್ತಾರೆಂದೂ, ಅದಕ್ಕೆ ಹೊಣೆಯಾದ ಸಾಹೇಬ ಇವತ್ತು ಕೈಗೆ ಸಿಗುತ್ತಾನೆಂದೂ ತಿಳಿದು ಬಂದವರು. ಮುಂದಿನ ಸಾಲಿನಲ್ಲಿ ಕೋಲು ಹಿಡಿದು ಕುಳಿತಿದ್ದ ಕಾಡವ್ವ ಎಂಬ ಮುದುಕಿ ಅವನನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.

ಎರಡನೆಯ ಸಾಲಿನ ತುದಿಯಲ್ಲಿ ತ್ರಿವೇಣಿ ಕುಳಿತಿದ್ದಳು. ಯಲ್ಲೇಶ ಅವಳನ್ನು ನೋಡಿ ಶುರುಮಾಡಿದ. ಹಾಂಗ್‌ಕಾಂಗ್ ಒಂದು ಮುಕ್ತ ಬಂದರು, ಅಲ್ಲಿಗೆ ಹೊರಗಿನಿಂದ ಬರುವ ಹೆಚ್ಚಿನ ಸರಕಿಗೆ ಆಮದು ಸುಂಕವೇ ಇಲ್ಲ ಎಂದ. ನಮ್ಮಲ್ಲಿ ಕೊಂಡಾಗ ಒಂದು, ಮಾರಿದಾಗ ಒಂದು ಅನ್ನುವ ಹಾಗೆ ತುಂಬುವ ಮಾರಾಟ ತೆರಿಗೆ ಅಲ್ಲಿಲ್ಲ. ಅಲ್ಲಿ ಗಳಿಸಿದ ಲಾಭಕ್ಕೆ ಮಾತ್ರ ತೆರಿಗೆ, ಅದೂ ಹಗುರ. ಕಾಗದಪತ್ರದ ಕಾಟ ಕಡಿಮೆ, ಕಂಪನಿ ತೆಗೆಯುವುದು ಸುಲಭ. ಜಗತ್ತಿನ ಹಡಗುಗಳೆಲ್ಲ ಬಂದು ನಿಲ್ಲುವ ಊರಾದ್ದರಿಂದ ಕೊಳ್ಳುವವನೂ ಮಾರುವವನೂ ಒಂದೇ ಓಣಿಯಲ್ಲಿ ಸಿಗುತ್ತಾರೆ. ಮಾತು ಬರಬರುತ್ತ ಏರು ಹಿಡಿಯಿತು. ಜೀವಮಾನವಿಡೀ ಇನ್ನೊಬ್ಬರ ತೆರಿಗೆ ತುಂಬಿದವನು ತೆರಿಗೆಯ ಭಾರವೇ ಇಲ್ಲದ ಊರನ್ನು ವರ್ಣಿಸುವಾಗ ಭಕ್ತರು ಕೈಲಾಸವನ್ನು ವರ್ಣಿಸುವ ಧಾಟಿ ತಾನಾಗಿಯೇ ಬರುತ್ತದೆ.

ಹಾಗಿದ್ದರೆ ಅಲ್ಲಿ ಯಾವುದಕ್ಕೂ ಸುಂಕವಿಲ್ಲವೇ ಎಂದು ಹಿಂದಿನಿಂದ ಒಬ್ಬ ಕೇಳಿದ. ಕಡಕ್ ದಾರು, ತಂಬಾಕು, ಪೆಟ್ರೋಲು, ಇಂಥ ಕೆಲವಕ್ಕೆ ಮಾತ್ರ ಇದೆ ಎಂದ ಯಲ್ಲೇಶ.

"ದಾರೂಕ್ಕ ಐತಿ?" ಕೇಳಿದವನು ನಿರಾಸೆಯಿಂದ ಕುಳಿತ. "ಹಂಗಾರ ನಮ್ಮ ಗೋವಾನ ಛಲೋ."

ಅಲ್ಲಿ ತೆರಿಗೆ ತಪ್ಪಿಸಿದರೆ ನಮ್ಮ ಹಿಂಡಲಗಾ ಜೈಲಿನಂಥದ್ದು ಇದೆಯೇ ಎಂದು ಇನ್ನೊಬ್ಬ ವ್ಯಾಪಾರಿ, ತನಗಲ್ಲ, ಗೆಳೆಯನೊಬ್ಬನಿಗಾಗಿ ಕೇಳಿದ. ಜೈಲು ಎಲ್ಲ ಊರಿನಲ್ಲೂ ಇದೆ, ಆದರೆ ತೆರಿಗೆ ಇಷ್ಟು ಹಗುರವಿದ್ದ ಮೇಲೆ ತಪ್ಪಿಸುವ ತ್ರಾಸು ಯಾಕೆ ಎಂದ ಯಲ್ಲೇಶ. ಚಪ್ಪಾಳೆ ಬಿತ್ತು. ಮಂಗನ ಮಾತು ಯಾವಾಗ ಬರುತ್ತದೆ ಎಂದು ಕಾಡವ್ವ ಕೋಲು ಕುಟ್ಟಿ ಕೇಳಿದಳು. ಅದು ಕೊನೆಗೆ ಬರುತ್ತದೆ ಎಂದು ಕರೆಪ್ಪ ಅವಳನ್ನು ಸಮಾಧಾನ ಮಾಡಿದ.

ಆಗ ಭರಮಣ್ಣ ಅಧ್ಯಕ್ಷರ ಕುರ್ಚಿಯಲ್ಲಿ ಮುಂದಕ್ಕೆ ಸರಿದು ಕುಳಿತರು. ಪರೀಕ್ಷೆಯ ಕೊನೆಯ ಪ್ರಶ್ನೆಗಳು ಬಂದವು ಎಂದು ಯಲ್ಲೇಶ ಮೈ ಬಿಗಿ ಮಾಡಿದ.

"ಅಲ್ಲೆ ನೀರು ಹೆಂಗೈತ್ರಿ?"

ನೀರಿಗೆ ಕೊರತೆ ಇಲ್ಲ, ನಳಕ್ಕೆ ದಿನವೂ ಬರುತ್ತದೆ ಎಂದ ಯಲ್ಲೇಶ. ನಾಲ್ಕು ದಿನಕ್ಕೊಮ್ಮೆ ನೀರು ನೋಡುವ ಮಂದಿ ಮುಖ ಮುಖ ನೋಡಿಕೊಂಡರು.

"ಜ್ವಾಳದ ಹಿಟ್ಟು?"

"ಎಲ್ಲಿಂದ ಬೇಕಾದ್ರೂ ತರಿಸಬಹುದ್ರಿ. ಹಿಟ್ಟಿಗೆ ಸುಂಕಿಲ್ಲ."

ಹೆಣ್ಣುಮಕ್ಕಳು ಕತ್ತಲಾದ ಮೇಲೂ ಅಡ್ಡಾಡಬಹುದೇ ಎಂದು ಕೇಳಿದರು. ಧಾರಾಳವಾಗಿ ಎಂದ. ಕಲಿತ ಹೆಣ್ಣುಮಗಳಿಗೆ ಅಲ್ಲಿ ನೌಕರಿ ಸಿಗುತ್ತದೆಯೇ ಎಂದು ಕೇಳಿದರು. ಲೆಕ್ಕಶಾಸ್ತ್ರ ಬಲ್ಲವರಾದರೆ ಕರೆದು ಕೊಡುತ್ತಾರೆ ಎಂದ, ತ್ರಿವೇಣಿಯ ಕಡೆ ಒಂದು ಕಣ್ಣು ಇಟ್ಟು. ಭರಮಣ್ಣ ಸ್ವಲ್ಪ ತಡೆದು, ಅಲ್ಲಿ ಮನೆಗಳು ಕೋಳಿಗೂಡಿನಷ್ಟು ಸಣ್ಣವಂತೆ, ಅದು ಖರೆಯೋ ಎಂದರು. ಇದೇ ಕಠಿಣ ಪ್ರಶ್ನೆ ಎಂದು ಯಲ್ಲೇಶನಿಗೆ ಗೊತ್ತಾಯಿತು.

"ಖರೇ ಐತ್ರಿ. ಆದ್ರ ಮನಿ ಸಣ್ಣದಿದ್ದಷ್ಟು ಛಲೋ. ಕಸಾ ಹೊಡೆಯೂದು ಕಡಿಮಿ. ಗಂಡ ಹೆಂಡ್ತಿ ಜಗಳ ಆಡಿ ಸಿಟ್ಟಾಗಿ ದೂರ ಹೋಗಿ ಕುಂದ್ರಬೇಕಂದ್ರ ಜಾಗಾನ ಇರಂಗಿಲ್ಲ. ಬಾಜೂಕ ಕುಂದ್ರಬೇಕು."

ಸಭೆ ಗೊಳ್ಳೆಂದು ನಕ್ಕಿತು. ತ್ರಿವೇಣಿಯೂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು, ಅವಳ ಕಿವಿಗಳು ಕೆಂಪಾದವು. ಅದನ್ನು ನೋಡಿ ಯಲ್ಲೇಶನಿಗೆ ಇಷ್ಟು ವರ್ಷ ತಿಂದ ಅವಲಕ್ಕಿಯೆಲ್ಲ ಇವತ್ತಿಗೆ ಸಾರ್ಥಕವಾಯಿತು ಅನ್ನಿಸಿತು.

"ಕಡೀ ಮಾತು," ಎಂದರು ಭರಮಣ್ಣ. "ನಮ್ಮ ಕಡೆ ಒಂದ ಊರು ಛಲೋನೋ ಕೆಟ್ಟೋ ಅಂತ ಹೆಂಗ ನೋಡತಾರಂದ್ರ, ಆ ಊರಿಗೆ ಹೆಣ್ಣು ಕೊಡಬಹುದೋ ಇಲ್ಲೋ ಅಂತ ನೋಡತಾರ. ನೀವು ಓದಿದವರು. ಹಾಂಗ್‌ಕಾಂಗಿಗೆ ಹೆಣ್ಣು ಕೊಡಬಹುದೇನ್ರಿ?"

ಯಲ್ಲೇಶ ಎರಡೂ ಕೈ ಎತ್ತಿದ.

"ಕಣ್ಣ ಮುಚ್ಚಿ ಕೊಡ್ರಿ."

ಚಪ್ಪಾಳೆ ನಿಲ್ಲುವವರೆಗೆ ಭರಮಣ್ಣ ಕಾದರು. ಆಮೇಲೆ ಎದ್ದು ಯಲ್ಲೇಶನಿಗೆ ಶಾಲು ಹೊದಿಸಿದರು, ಖಾನಾಪುರದ ಮಣ್ಣಿನಲ್ಲಿ ಮಾಡಿದ ನಳವಿರುವ ಒಂದು ನೀರಿನ ಹೂಜಿಯನ್ನು ಅವನ ಕೈಗೆ ಕೊಟ್ಟರು, ಮೈಕು ಹಿಡಿದರು.

"ಎಲ್ಲಾರ ಮುಂದ ಒಂದ ಸಂತೋಷದ ಮಾತು ಹೇಳತೀನಿ. ನಮ್ಮ ತ್ರಿವೇಣಿಗೆ ಹಾಂಗ್‌ಕಾಂಗದಾಗ ಇರೋ ಹುಡುಗ ಸುಜಯನ ಕಡಿಂದ ಕೇಳಾಕ ಹತ್ತಿ ಮೂರ ತಿಂಗಳಾತು. ಹುಡುಗ ಬಂಗಾರದಂಥಾವ. ಆದ್ರ ಕಾಣದ ಊರು. ಮಗಳಿಗೂ ಅಂಜಿಕಿ, ನಮಗೂ ಅಂಜಿಕಿ. ಬೀಗರಾಗೂವರನ್ನ ಕೇಳಿದ್ರ ಹೊಗಳತಾರ, ಆಗದವರನ್ನ ಕೇಳಿದ್ರ ತೆಗಳತಾರ. ಎರಡೂ ಅಲ್ಲದ ತಿಳಿದ ಮನಷ್ಯಾನ್ನ ಕೇಳಬೇಕಂತ ಯಲ್ಲೇಶ ಅವರನ್ನ ಕರಸಿದ್ವಿ. ಇವತ್ತ ನಮ್ಮ ಸಂಶಯ ಎಲ್ಲಾ ಹೋತು."

ಯಲ್ಲೇಶ ಹೂಜಿ ಹಿಡಿದು ನಿಂತೇ ಇದ್ದ. ಇಷ್ಟು ಹೊತ್ತು ತಾನು ತನ್ನ ಬಾಯಿಂದ, ಶುದ್ಧ ಕನ್ನಡದಲ್ಲಿ, ಅಂಕಿಸಂಖ್ಯೆ ಸಮೇತ, ಇನ್ನೊಬ್ಬನ ಮದುವೆ ಮಾಡಿಸುತ್ತಿದ್ದೆ ಎಂಬುದು ಅವನಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ಹೂಜಿ ಭಾರವಾಯಿತು. ನಿಜವಾಗಿ ಬಹಳ ಸಂಕಟವಾಯಿತು.

ಅಷ್ಟರಲ್ಲಿ ಸಂಗವ್ವ ಒಂದು ಡಬ್ಬಿ ಹಿಡಿದು ಎಲ್ಲರ ಬಾಯಿ ಸಿಹಿ ಮಾಡುತ್ತ ಬಂದಳು. ಅದು ಅವನೇ ತಂದ ಕುಂದಾ. ದೊಡ್ಡ ತುಣುಕು ಮುರಿದು ಅವನ ಬಾಯಿಗೆ ಇಟ್ಟಳು.

"ಮನಸಿಗೆ ಹಚ್ಚಿಕೋಬ್ಯಾಡ್ರಿ," ಎಂದಳು ಮೆಲ್ಲಗೆ. "ನಿಮಗ ಇಲ್ಲ ಅಂತ ಹೆಂಗ ಹೇಳೂದಂತ ನಮಗ ಒಂದ ಸಂಕಟ ಆಗಿತ್ತು. ಮುಂಜಾನೆ ಮುಕ್ತಾ ಬಂದಾರಂತ ಕೇಳಿ ಜೀವ ಹಗರ ಆಗಿತ್ತು ನೋಡ್ರಿ. ಅದೂ ಸುಳ್ಳಾತು."

ಬಾಯಿ ತುಂಬ ಕುಂದಾ ಇದ್ದದ್ದರಿಂದ ಯಲ್ಲೇಶ ತಲೆಯಾಡಿಸಿದ. ತ್ರಿವೇಣಿ ಬಂದು ಕೈ ಮುಗಿದಳು. ಭಾಳ ಛಲೋ ಹೇಳಿದಿರಿ ಸರ್, ಮನೆ ಸಣ್ಣದೆಂಬುದೊಂದೇ ನನಗೆ ಹೆದರಿಕೆಯಿತ್ತು, ಅದೂ ಹೋಯಿತು ಎಂದಳು. ಮದುವೆಗೆ ತಪ್ಪಿಸಬಾರದು ಎಂದೂ ಹೇಳಿದಳು. ಅವಳ ಹಿಂದೆ ಕಾಡವ್ವ ಸರದಿಯಲ್ಲಿ ನಿಂತಿದ್ದಳು. ಅವಳಿಗೆ ಇನ್ನೂ ಮಂಗಗಳ ಬಗ್ಗೆ ಉತ್ತರ ಸಿಕ್ಕಿರಲಿಲ್ಲ.

ಸಂಜೆ ಯಲ್ಲೇಶ ಶಾಲು ಹೊದ್ದು, ಹೂಜಿ ಅಪ್ಪಿಕೊಂಡು ಶಿವಬಸವ ನಗರದ ಓಣಿಗೆ ಕಾಲಿಟ್ಟಾಗ ಮನೆಯ ಮುಂದೆ ಜನ ಸೇರಿದ್ದರು. ಮಾಳಿಗೆಯ ಕೋಣೆಯ ಕೀಲಿ ಮುರಿದು ಅಂಗಳದಲ್ಲಿ ಬಿದ್ದಿತ್ತು. ಪಾರ್ಶ್ವನಾಥರು ಕೈ ಹಿಂದೆ ಕಟ್ಟಿಕೊಂಡು ಅದನ್ನು ನೋಡುತ್ತಿದ್ದರು. ಒಳಗೆ ಯಾರೂ ಸಿಗದೆ ಇದ್ದದ್ದರಿಂದ ಆ ಹೆಣ್ಣುಮಗಳು ಕಿಟಕಿಯಿಂದ ಇಳಿದು ಖಾನಾಪುರಕ್ಕೇ ಅವನ ಹಿಂದೆ ಹೋಗಿರಬೇಕೆಂದು ನೆರೆಹೊರೆಯವರು ಮಧ್ಯಾಹ್ನವೇ ತೀರ್ಮಾನಿಸಿದ್ದರು. ಬಂದದ್ದು ಬಂದಾಯಿತು, ಹೆಣ್ಣುಮಗಳನ್ನು ಮರ್ಯಾದೆಯಿಂದ ಒಳಗೆ ಕರೆದುಕೊಳ್ಳೋಣ ಎಂದು ಶಾಂತಾಬಾಯಿ ಆರತಿ ತಟ್ಟೆ ಸಜ್ಜು ಮಾಡಿ ಹೊಸಿಲ ಬಳಿ ನಿಂತಿದ್ದರು.

ಅವನ ಮುಖ ನೋಡಿ ಆಕೆಯ ಧ್ವನಿ ಇಳಿಯಿತು. "ಒಬ್ಬನ ಬಂದ್ಯಲ್ಲಪಾ. ಏನಾತು?"

ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳಬಾರದು ಎನ್ನುತ್ತಾರೆ; ಇಲ್ಲಿ ಸುಂಕದವನ ಅಕ್ಕನೂ ಇದ್ದಳು. ಯಲ್ಲೇಶನಿಗೆ ಬೆಳಗಿನಿಂದ ಆದದ್ದನ್ನೆಲ್ಲ ಬಿಡಿಸಿ ಹೇಳುವ ಶಕ್ತಿ ಇರಲಿಲ್ಲ. ದಿನವೆಲ್ಲ ಶುದ್ಧ ಕನ್ನಡ ಆಡಿದ ನಾಲಿಗೆ ಇನ್ನೂ ತನ್ನ ಜಾಡಿಗೆ ಮರಳಿರಲಿಲ್ಲ. ಹೂಜಿಯನ್ನು ಮೆಟ್ಟಿಲ ಮೇಲಿಟ್ಟು, ಕಣ್ಣೊರೆಸಿಕೊಂಡು, ಎರಡೇ ಎರಡು ಶಬ್ದ ಹೇಳಿದ.

"ತ್ರಿವೇಣಿ ಹೋದರು."

ಅಷ್ಟು ಹೇಳಿ ಮೇಲೆ ಹೋಗಿ, ಕೀಲಿ ಇಲ್ಲದ ಬಾಗಿಲನ್ನು ಮುಂದೆ ಎಳೆದುಕೊಂಡು ಮಲಗಿದ. ಪಾರ್ಶ್ವನಾಥರು ಚಪ್ಪಲಿ ಬಿಟ್ಟು ನಿಂತರು. ಶಾಂತಾಬಾಯಿ ಆರತಿಯ ದೀಪ ಆರಿಸಿ, ಸೆರಗಿನಿಂದ ಮೂಗು ಒರೆಸಿಕೊಂಡು, ಖಾನಾಪುರದ ತಂಗಿಗೆ ಫೋನು ಹಚ್ಚಿದರು.

"ಭರಮಣ್ಣನ ಮಗಳ ಸುದ್ದಿ ಈಗ ತಿಳೀತವಾ," ಎಂದರು. "ಮಣ್ಣು ಮಾಡೂದು ಎಷ್ಟೊತ್ತಿಗಂತ?"